ಪ್ಯಾಕೇಜ್ ಬೆಳವಣಿಗೆ ನಿಂತಿದೆ ಅಂದ್ರೆ ಏನರ್ಥ? ತೆಗೆಯಬೇಕಾ, ಬಿಡಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಅಡಿಕೆ ಮಂಡಿಗಳಿಗೆ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ರೈತರು ಮೂಟೆ ತಂದಾಗ ತೂಕ ಬರೆದುಕೊಳ್ಳುವುದು, ಚೀಟಿ ಮುದ್ರಿಸುವುದು, ಹಣ ಜಮಾ ಆದ ದಿನ ಅವರ ಮೊಬೈಲಿಗೆ ಮೆಸೇಜ್ ಕಳಿಸುವುದು, ಇಷ್ಟೇ ಅದರ ಕೆಲಸ. 2019ರಲ್ಲಿ ನೋಡ್ ಜೆಎಸ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಬರೆದದ್ದು. ಇಲ್ಲಿಯವರೆಗೆ ದೊಡ್ಡ ತಕರಾರು ಬಂದಿಲ್ಲ.

ಹೋದ ವಾರ ಒಂದು ಮಂಡಿಯವರು ಹೊರಗಿನವರನ್ನು ಕರೆಸಿ ಸೆಕ್ಯುರಿಟಿ ಆಡಿಟ್ ಮಾಡಿಸಿದರು. ವರದಿಯಲ್ಲಿ ನಾವು ಬಳಸುವ ಮೂರು ಪ್ಯಾಕೇಜುಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮುಂದೆ ಕೆಂಪು ಬಣ್ಣದಲ್ಲಿ ಒಂದೇ ಸಾಲು ಇದೆ: ಇದರ ಬೆಳವಣಿಗೆ ನಿಂತಿದೆ, ಬದಲಿಸಿ. ಆ ಮೂರು ಯಾವುದು ಅಂದರೆ, ದಿನಾಂಕ ಮತ್ತು ಸಮಯ ತೋರಿಸೋಕೆ ಬಳಸುವ ಮೊಮೆಂಟ್, ಮೆಸೇಜ್ ಕಂಪನಿಯ ಸರ್ವರ್ ಜೊತೆ ಮಾತಾಡೋಕೆ ಬಳಸುವ ರಿಕ್ವೆಸ್ಟ್, ಮತ್ತೆ ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡುವ ಒಂದು ಪುಟ್ಟ ಪ್ಯಾಕೇಜ್. ಈ ಮೂರನೆಯದನ್ನು ಯಾರೋ ಒಬ್ಬರೇ ಬರೆದದ್ದು. ಏಳು ವರ್ಷದಿಂದ ಅದರಲ್ಲಿ ಒಂದಕ್ಷರ ಬದಲಾಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಮೂರೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಮೊಮೆಂಟ್ ಅಂತೂ ಚೀಟಿಯಲ್ಲಿ ಕನ್ನಡ ಅಂಕಿಯಲ್ಲೇ ತಾರೀಕು ಹಾಕಿಕೊಡುತ್ತದೆ, ಮಂಡಿಯವರಿಗೆ ಅದು ತುಂಬಾ ಇಷ್ಟ. ಬೆಳವಣಿಗೆ ನಿಂತಿದೆ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಾನಾ? ಅಡಿಕೆ ಸೀಸನ್ ಹತ್ತಿರ ಬರ್ತಾ ಇದೆ, ಈಗ ಮೂರನ್ನೂ ಕಿತ್ತು ಹಾಕಿ ಬೇರೆ ಕೂರಿಸೋಕೆ ಭಯ. ಹಾಗೇ ಬಿಟ್ಟರೂ ಭಯ. ನೀವಾದರೆ ಏನು ಮಾಡ್ತೀರಿ?

ದಾವಣಗೆರೆ ಹುಡುಗ

ನಾನಾದರೆ ಮೂರನ್ನೂ ತೆಗೀತೀನಿ. ಕಾರಣ ಹೇಳ್ತೀನಿ ಕೇಳಿ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಜಾವಾ ಸಾಫ್ಟ್‌ವೇರ್ ಇತ್ತು, ಲಾಗ್ ಬರೆಯೋಕೆ ಲಾಗ್‌ಫೋರ್‌ಜೆ 1 ಬಳಸುತ್ತಿದ್ದೆವು. ಅದಕ್ಕೆ ಬೆಂಬಲ 2015ರ ಆಗಸ್ಟ್‌ನಲ್ಲೇ ಮುಗಿದಿತ್ತು. ಕೆಲಸ ಮಾಡ್ತಾ ಇದೆಯಲ್ಲ, ಯಾಕೆ ಮುಟ್ಟೋದು ಅಂತ ಆರು ವರ್ಷ ಹಾಗೇ ಬಿಟ್ಟೆವು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಶೆಲ್ ಗಲಾಟೆ ಆಯ್ತು, ನೆನಪಿರಬಹುದು. ಆ ದೊಡ್ಡ ತೂತು ಇದ್ದದ್ದು ಲಾಗ್‌ಫೋರ್‌ಜೆ 2ರಲ್ಲಿ. ಸದ್ಯ ನಾವು ಬಚಾವ್ ಅಂದುಕೊಂಡೆವು. ಅದೇ ತಿಂಗಳು 1ರಲ್ಲೂ ಬೇರೆ ತೂತು ಇದೆ ಅಂತ ಗೊತ್ತಾಯ್ತು. ಒಂದು ನಿರ್ದಿಷ್ಟ ಸೆಟ್ಟಿಂಗ್ ಹಾಕಿದ್ದರೆ ಮಾತ್ರ ಅಪಾಯ, ಆದರೆ ನಮ್ಮ ನಲವತ್ತು ಸರ್ವರ್‌ಗಳಲ್ಲಿ ಯಾವುದರಲ್ಲಿ ಆ ಸೆಟ್ಟಿಂಗ್ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಳೋಣ ಅಂದರೆ ಆ ಕಡೆ ಯಾರೂ ಇಲ್ಲ. ಅವರು ಸರಿಮಾಡಲ್ಲ ಅಂತ ಎಂದೋ ಹೇಳಿ ಹೋಗಿದ್ದರು, ತಪ್ಪು ಅವರದ್ದಲ್ಲ. ಎರಡು ವಾರ ರಾತ್ರಿ ನಿದ್ದೆ ಇಲ್ಲದೆ ಒಂದೊಂದೇ ಸರ್ವರ್ ತೆರೆದು ನೋಡಿದೆವು. ಆಮೇಲೆ 2022ರ ಜನವರಿಯಲ್ಲಿ ಹಳೇ ಕೋಡನ್ನೇ ಇಟ್ಟುಕೊಂಡು ರೀಲೋಡ್‌ಫೋರ್‌ಜೆ ಅಂತ ಬಂತು, ಅದಕ್ಕೆ ಬದಲಾಯಿಸಿಕೊಂಡೆವು.

ಅದಕ್ಕೇ ಹೇಳ್ತಾ ಇರೋದು. ಇವತ್ತು ನಡೀತಾ ಇದೆ ಅನ್ನೋದು ಮುಖ್ಯ ಅಲ್ಲ. ನಾಳೆ ತೂತು ಸಿಕ್ಕಾಗ ಸರಿಮಾಡೋಕೆ ಜನ ಇದ್ದಾರಾ, ಅದು ಮುಖ್ಯ.

ಕೋಡುಗಲ್ಲು

ದಾವಣಗೆರೆಯವರ ಕೊನೆಯ ಮಾತು ನೂರಕ್ಕೆ ನೂರು ಸರಿ. ಆದರೆ ಅದೇ ಮಾತನ್ನು ಹಿಡಿದು ನೋಡಿದರೆ ನಿಮ್ಮ ಮೂರು ಪ್ಯಾಕೇಜುಗಳಿಗೂ ಉತ್ತರ ಬೇರೆ ಬೇರೆ ಬರುತ್ತದೆ. ವರದಿ ಬರೆದವರು ಮೂರಕ್ಕೂ ಒಂದೇ ಸಾಲು ಬರೆದದ್ದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮೊಮೆಂಟ್. ಇದು 2011ರಿಂದ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಅದರ ತಂಡದವರೇ ತಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಬರೆದು ಹಾಕಿದರು: ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ, ಹೊಸ ಪ್ರಾಜೆಕ್ಟಿಗೆ ಬೇರೆ ಏನಾದರೂ ಆರಿಸಿಕೊಳ್ಳಿ. ಪ್ರಾಜೆಕ್ಟ್ ಸತ್ತಿಲ್ಲ, ಮುಗಿದಿದೆ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಕಾರಣವನ್ನೂ ಮುಚ್ಚಿಟ್ಟಿಲ್ಲ. ಮೊಮೆಂಟ್‌ನಲ್ಲಿ ಒಂದು ತಾರೀಕಿಗೆ ಏಳು ದಿನ ಕೂಡಿಸಿದರೆ ಹೊಸ ತಾರೀಕು ಹುಟ್ಟುವುದಿಲ್ಲ, ಇದ್ದ ತಾರೀಕೇ ಬದಲಾಗಿಬಿಡುತ್ತದೆ. ಇದರಿಂದ ಕೈ ಸುಟ್ಟುಕೊಳ್ಳದ ಜಾವಾಸ್ಕ್ರಿಪ್ಟ್ ಬರಹಗಾರ ಸಿಗುವುದು ಕಷ್ಟ. ಅದನ್ನು ಸರಿಮಾಡೋಕೆ ಹೋದರೆ ಅದನ್ನೇ ನಂಬಿರುವ ಲಕ್ಷಾಂತರ ಕಡೆ ಕೋಡ್ ಮುರಿಯುತ್ತದೆ. ಜೊತೆಗೆ ಗಾತ್ರ ದೊಡ್ಡದು, ಬೇಕಾದ ಭಾಗವನ್ನಷ್ಟೇ ಬ್ರೌಸರಿಗೆ ಕಳಿಸೋಕೆ ಆಗಲ್ಲ. ಹಾಗಾಗಿ ಇಲ್ಲಿಗೆ ನಿಲ್ಲಿಸೋಣ ಅಂದರು. ಆದರೆ ಗಂಭೀರವಾದ ಸೆಕ್ಯುರಿಟಿ ದೋಷ ಬಂದರೆ ನೋಡಿಕೊಳ್ಳುತ್ತೇವೆ ಅಂತಲೂ ಹೇಳಿದರು. ಹೇಳಿದ ಹಾಗೇ ನಡೆದುಕೊಂಡರು ಕೂಡ. 2022ರ ಏಪ್ರಿಲ್‌ನಲ್ಲಿ ಒಂದು ದೋಷ ಸಿಕ್ಕಿತು, 2.29.2 ಬಂತು. ಜುಲೈನಲ್ಲಿ ಇನ್ನೊಂದು ಸಿಕ್ಕಿತು, 2.29.4 ಬಂತು. ನಿಮ್ಮ ಹತ್ತಿರ ಇರುವುದು 2.29.4ಕ್ಕಿಂತ ಹಳೆಯದಾಗಿದ್ದರೆ ಇವತ್ತೇ ಮೇಲಕ್ಕೆ ತನ್ನಿ. ಅಷ್ಟಾದರೆ ಸೀಸನ್ ಮುಗಿಯುವ ತನಕ ಅದನ್ನು ಮುಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ರಿಕ್ವೆಸ್ಟ್ ಕಥೆ ಹೀಗಿಲ್ಲ. ಅದನ್ನು 2020ರ ಫೆಬ್ರವರಿ 11ಕ್ಕೆ ಪೂರ್ತಿ ನಿಲ್ಲಿಸಿದರು. ಇನ್‌ಸ್ಟಾಲ್ ಮಾಡುವಾಗಲೇ ಎನ್‌ಪಿಎಂ (ಪ್ಯಾಕೇಜುಗಳನ್ನು ತಂದು ಕೂರಿಸುವ ಟೂಲ್) ಎಚ್ಚರಿಕೆ ತೋರಿಸುತ್ತದೆ, ಗಮನಿಸಿರುತ್ತೀರಿ. 2023ರಲ್ಲಿ ಅದರಲ್ಲಿ ಒಂದು ದೋಷ ಬೆಳಕಿಗೆ ಬಂತು. ನಾವು ಕರೆದ ಸರ್ವರ್ ಕೆಟ್ಟವರ ಕೈಯಲ್ಲಿದ್ದರೆ, ಅದು ನಮ್ಮ ಕರೆಯನ್ನು ನಮ್ಮದೇ ಒಳಗಿನ ವಿಳಾಸಗಳ ಕಡೆಗೆ ತಿರುಗಿಸಬಹುದು, ನಾವು ಹಾಕಿಕೊಂಡ ತಡೆಯನ್ನು ದಾಟಿ. ಮೂಲ ಪ್ಯಾಕೇಜಿನಲ್ಲಿ ಇದಕ್ಕೆ ತೇಪೆ ಬರಲೇ ಇಲ್ಲ. ನೀವು ಗೊತ್ತಿರುವ ಒಂದೇ ವಿಳಾಸಕ್ಕೆ ಕರೆ ಮಾಡುತ್ತಿದ್ದರೆ ಇವತ್ತಿಗೆ ಅಪಾಯ ಕಡಿಮೆ. ಆದರೂ ತೆಗೆಯಿರಿ, ಯಾಕಂದ್ರೆ ಮುಂದಿನ ದೋಷಕ್ಕೂ ಮದ್ದು ಬರುವುದಿಲ್ಲ. ಎರಡೂ ನಿಂತದ್ದು ಒಂದೇ ವರ್ಷ. ಒಂದು ಮನೆಯಲ್ಲಿ ಕಾವಲಿಗೆ ಜನ ಇದ್ದಾರೆ, ಇನ್ನೊಂದು ಮನೆಗೆ ಬೀಗ ಬಿದ್ದಿದೆ.

ಮೂರನೆಯದನ್ನು ನಾನು ನೋಡಿಲ್ಲ, ನೀವು ಹೇಳಿದ್ದನ್ನೇ ನಂಬಿ ಹೇಳುತ್ತೇನೆ. ಸಂಖ್ಯೆಯನ್ನು ಅಕ್ಷರಕ್ಕೆ ತಿರುಗಿಸುವುದು ಅಂದರೆ ಎಷ್ಟು ಕೋಡ್? ಇನ್ನೂರು ಸಾಲು ಇರಬಹುದು. ನೆಟ್‌ವರ್ಕ್ ಮುಟ್ಟುವುದಿಲ್ಲ, ಫೈಲ್ ಮುಟ್ಟುವುದಿಲ್ಲ. ಸಾವಿರ, ಲಕ್ಷ, ಕೋಟಿ ಯಾವತ್ತೂ ಬದಲಾಗುವುದಿಲ್ಲ. ಇಂಥದ್ದು ಏಳು ವರ್ಷ ಬದಲಾಗಿಲ್ಲ ಅಂದರೆ ಬದಲಾಯಿಸಲು ಏನೂ ಇರಲಿಲ್ಲ ಅಂತ ಅರ್ಥ. ಕೊನೆಯ ಬದಲಾವಣೆ ಯಾವಾಗ ಆಯಿತು ಅನ್ನೋ ತಾರೀಕನ್ನೇ ನೋಡಿ ತೀರ್ಪು ಕೊಟ್ಟರೆ ಡೊನಾಲ್ಡ್ ಕನೂತ್ ಬರೆದ, ಪುಟ ಜೋಡಿಸುವ ಸಾಫ್ಟ್‌ವೇರ್ ಟೆಕ್ ಕೂಡ ಕೆಂಪು ಪಟ್ಟಿಗೆ ಸೇರಬೇಕಾಗುತ್ತದೆ. ಅದಕ್ಕೆ ಅವರು ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿ ದಶಕಗಳೇ ಆದವು. ಕೆಲವು ವರ್ಷಕ್ಕೊಮ್ಮೆ ಕೂತು ಬಂದ ದೋಷಗಳನ್ನಷ್ಟೇ ತಿದ್ದುತ್ತಾರೆ. ಆವೃತ್ತಿ ಸಂಖ್ಯೆ ಪ್ರತಿ ಸಲ ಪೈ ಬೆಲೆಗೆ ಒಂದಂಕಿ ಹತ್ತಿರ ಹೋಗುತ್ತದೆ. 2014ರಲ್ಲಿ 3.14159265 ಇತ್ತು, 2021ರಲ್ಲಿ 3.141592653 ಆಯಿತು. ಇವತ್ತಿಗೂ ಗಣಿತದವರು ಪ್ರಬಂಧ ಬರೆಯೋದು ಅದರ ಮೇಲೇ ಕಟ್ಟಿದ ಲೇಟೆಕ್‌ನಲ್ಲಿ ಅಲ್ವಾ.

ಆ ಪುಟ್ಟ ಪ್ಯಾಕೇಜಿನ ಲೈಸೆನ್ಸ್ ನೋಡಿ. ಎಂಐಟಿ ಥರ ಯಾರು ಬೇಕಾದರೂ ಬಳಸಲು ಬಿಡುವ ಲೈಸೆನ್ಸ್ ಆಗಿದ್ದರೆ ಕೋಡನ್ನು ನಿಮ್ಮ ಪ್ರಾಜೆಕ್ಟಿನ ಒಳಗೇ ತಂದಿಟ್ಟುಕೊಳ್ಳಿ, ಬರೆದವರ ಹೆಸರು ಮತ್ತು ಲೈಸೆನ್ಸ್ ಫೈಲ್ ಸಮೇತ. ಒಂದು ಮಧ್ಯಾಹ್ನ ಕೂತು ಪರೀಕ್ಷೆಗಳನ್ನು ಬರೆಯಿರಿ: ಸೊನ್ನೆ, ನೂರು, ನೂರಾಒಂದು, ಒಂದು ಲಕ್ಷ, ಪೈಸೆ ಇದ್ದಾಗ, ಹೀಗೆ. ಅಲ್ಲಿಂದ ಅದು ನಿಮ್ಮ ಕೋಡ್.

ಮುಗಿಸುವ ಮುಂಚೆ ಒಂದು ಪ್ರಶ್ನೆ. 2019ರಲ್ಲಿ ಬರೆದದ್ದು ಅಂದಿರಿ. ಸರ್ವರ್‌ನಲ್ಲಿ ನೋಡ್ ಯಾವ ಆವೃತ್ತಿ ಓಡುತ್ತಿದೆ?

ತುಂಗಾತೀರ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಈಗ ನೋಡಿದೆ, ಮೊಮೆಂಟ್ 2.24 ಇದೆ. ನೋಡ್ 14. ಅದನ್ನು ವರದಿಯಲ್ಲಿ ಎಲ್ಲೂ ಹೇಳಿಲ್ಲ.

ಕೋಡುಗಲ್ಲು

ಹಾಗಾದರೆ ಉಳಿದದ್ದೆಲ್ಲ ಆಮೇಲೆ. ಮೊದಲ ಕೆಲಸ ಇದು. ನೋಡ್ 14ಕ್ಕೆ ಬೆಂಬಲ 2023ರ ಏಪ್ರಿಲ್ 30ಕ್ಕೆ ಮುಗಿದಿದೆ. ಇಂಟರ್ನೆಟ್ಟಿಗೆ ಮುಖ ಮಾಡಿ ನಿಂತಿರುವುದು ಅದು. ದಿನಾಂಕ ತೋರಿಸುವ ಪ್ಯಾಕೇಜಿನಲ್ಲಿ ತೂತಾದರೆ ಒಂದು ಕೋಣೆಗೆ ನೀರು, ನೋಡ್‌ನಲ್ಲಿ ತೂತಾದರೆ ಇಡೀ ಮನೆಗೆ. ಆಡಿಟ್‌ನವರು ಪ್ಯಾಕೇಜ್ ಪಟ್ಟಿಯನ್ನಷ್ಟೇ ಟೂಲ್‌ಗೆ ಕೊಟ್ಟು ನೋಡಿದ್ದಾರೆ ಅನ್ನಿಸುತ್ತದೆ, ಕೆಳಗಿನ ಅಡಿಪಾಯ ನೋಡಿಲ್ಲ.

ದೀರ್ಘ ಬೆಂಬಲ ಇರುವ ಆವೃತ್ತಿಗೆ ಹೋಗಿ, 22 ಅಥವಾ ಅದರ ನಂತರದ್ದು. ಇದರಿಂದ ಇನ್ನೊಂದು ಲಾಭ ಇದೆ. ನೋಡ್ 18ರಿಂದ ಈಚೆಗೆ ಬೇರೆ ಸರ್ವರ್‌ಗೆ ಕರೆ ಮಾಡುವ ಫೆಚ್ ಒಳಗೇ ಬರುತ್ತದೆ, ರಿಕ್ವೆಸ್ಟ್ ಬದಲಿಗೆ ಇನ್ನೊಂದು ಪ್ಯಾಕೇಜ್ ಹುಡುಕುವುದೇ ಬೇಡ. ಎರಡು ವಿಷಯ ಮಾತ್ರ ಮರೆಯಬೇಡಿ. ಆ ಕಡೆಯ ಸರ್ವರ್ 500 (ನನ್ನಲ್ಲೇ ತಪ್ಪಾಗಿದೆ) ಅಂತ ಉತ್ತರ ಕೊಟ್ಟರೂ ಫೆಚ್ ಅದನ್ನು ತಪ್ಪು ಅಂತ ಎಸೆಯುವುದಿಲ್ಲ, ಓಕೆ ಅನ್ನೋದನ್ನು ನೀವೇ ನೋಡಬೇಕು. ಇಲ್ಲದಿದ್ದರೆ ಮೆಸೇಜ್ ಹೋಗದೇ ಇದ್ದರೂ ಹೋಗಿದೆ ಅಂತ ನಿಮ್ಮ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಮತ್ತೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಮಿತಿಯನ್ನು ಅಬಾರ್ಟ್‌ಸಿಗ್ನಲ್ ಕೊಟ್ಟು ನೀವೇ ಹಾಕಬೇಕು.

ಸಂಜೆಗಾಳಿ

ನಾನು ಈ ಮಾತಿಗೆ ಇನ್ನೊಂದು ಕಡೆಯಿಂದ ಬರುತ್ತೇನೆ. ತುಂಗಾತೀರ ಅವರ ಮೂರನೇ ಪ್ಯಾಕೇಜ್ ಥರದ್ದೇ ಒಂದನ್ನು ನಾನೂ ಬರೆದು ಎಂಟು ವರ್ಷ ನೋಡಿಕೊಂಡೆ. ಯಾರೂ ದುಡ್ಡು ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ರಾತ್ರಿ ಮಗು ಮಲಗಿದ ಮೇಲೆ ಕೂತು ಜನ ಹೇಳಿದ ತಪ್ಪುಗಳನ್ನು ತಿದ್ದುತ್ತಿದ್ದೆ. ಒಬ್ಬರಿಗೆ ಉಪಯೋಗ ಆಯ್ತು ಅಂದರೆ ಖುಷಿ ಆಗುತ್ತಿತ್ತು. ಅಪ್ಪನಿಗೆ ಹುಷಾರಿಲ್ಲದ ವರ್ಷ ಆಗಲಿಲ್ಲ. ಆರು ತಿಂಗಳು ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಆಮೇಲೆ ತೆರೆದು ನೋಡಿದರೆ ಅರವತ್ತು ಪ್ರಶ್ನೆ ಕಾದಿದ್ದವು. ಅದರಲ್ಲಿ ಕೆಲವರು ಬೈದೂ ಇದ್ದರು.

ಇನ್ನು ನನ್ನಿಂದ ಆಗುವುದಿಲ್ಲ ಅಂತ ರೀಡ್‌ಮಿಯಲ್ಲಿ ಎರಡು ಸಾಲು ಬರೆಯೋಕೆ ನನಗೆ ಒಂದು ವರ್ಷ ಬೇಕಾಯ್ತು. ಬರೆದ ಮೇಲೆ ಹಗುರ ಆಯ್ತು. ನೀವೆಲ್ಲ ಆ ಎರಡು ಸಾಲನ್ನು ಕೆಟ್ಟ ಸುದ್ದಿ ಅಂತ ಓದಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬಳಸುವವರಿಗೆ ನಿಜ ಹೇಳಿ ಹೋಗುವುದು ದೊಡ್ಡ ಉಪಕಾರ. ಏನೂ ಹೇಳದೆ ಮಾಯವಾದ ಪ್ಯಾಕೇಜುಗಳೇ ಜಾಸ್ತಿ ಇವೆ, ಅವೇ ಜಾಸ್ತಿ ಅಪಾಯ.

ಇನ್ನೂ ಒಂದಿದೆ. ನಾನು ನಿಲ್ಲಿಸುತ್ತೇನೆ ಅಂದ ಮೇಲೆ ಇಬ್ಬರು ಗುರುತಿಲ್ಲದವರು ಬರೆದು, ನಮಗೆ ಕೊಡಿ, ನಾವು ನೋಡಿಕೊಳ್ಳುತ್ತೇವೆ ಅಂದರು. ನಾನು ಕೊಡಲಿಲ್ಲ. ಒಳ್ಳೆಯವರೇ ಇದ್ದರೇನೋ. ಆದರೆ 2018ರಲ್ಲಿ ಈವೆಂಟ್‌ಸ್ಟ್ರೀಮ್ ಅನ್ನೋ ಪ್ಯಾಕೇಜಿಗೆ ಆದದ್ದು ನನ್ನ ತಲೆಯಲ್ಲಿತ್ತು. ಅದನ್ನು ಬರೆದವರು ತಾವೇ ಬಳಸದೇ ಇದ್ದ ಪ್ಯಾಕೇಜ್ ಅಂತ, ಕೇಳಿದವರಿಗೆ ಬಿಟ್ಟುಕೊಟ್ಟರು. ತೆಗೆದುಕೊಂಡವರು ಅದರೊಳಗೆ ಇನ್ನೊಂದು ಪ್ಯಾಕೇಜ್ ಸೇರಿಸಿ, ಒಂದು ಬಿಟ್‌ಕಾಯಿನ್ ವ್ಯಾಲೆಟ್‌ನ ಕೀಲಿ ಕದಿಯುವ ಕೋಡ್ ಕಳಿಸಿದರು. ಫೈಲ್ ಕುಗ್ಗಿಸುವ ಎಕ್ಸ್‌ಝೆಡ್ ವಿಷಯ ಇನ್ನೂ ಘೋರ. ಒಬ್ಬರೇ ಸುಸ್ತಾಗಿ ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟ್ ಅದು. ಬೇಗ ಬೇಗ ಬಿಡುಗಡೆ ಮಾಡಿ, ಬೇರೆಯವರನ್ನು ಸೇರಿಸಿಕೊಳ್ಳಿ ಅಂತ ಅವರ ಮೇಲೆ ಒತ್ತಡ ಹಾಕಿದರು. ಸಹಾಯಕ್ಕೆ ಅಂತ ಬಂದವನು ಎರಡು ವರ್ಷಕ್ಕೂ ಮೇಲೆ ನಂಬಿಕೆ ಗಳಿಸಿ, 2024ರಲ್ಲಿ 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ದೂರದ ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡ ಆಗ್ತಿದೆಯಲ್ಲ ಅಂತ ಬೆನ್ನು ಹತ್ತಿ ಹುಡುಕದೇ ಇದ್ದಿದ್ದರೆ ಅದು ಎಲ್ಲೆಲ್ಲಿಗೆ ಹೋಗುತ್ತಿತ್ತೋ.

ಅದಕ್ಕೇ, ವರ್ಷಗಟ್ಟಲೆ ಸುಮ್ಮನಿದ್ದ ಪ್ಯಾಕೇಜಿಗೆ ಇದ್ದಕ್ಕಿದ್ದಂತೆ ಹೊಸಬರ ಕೈಯಿಂದ ಹೊಸ ಆವೃತ್ತಿ ಬಂದರೆ ಖುಷಿಪಟ್ಟು ಅಪ್‌ಡೇಟ್ ಒತ್ತಬೇಡಿ. ಏನು ಬದಲಾಗಿದೆ ಅಂತ ಮೊದಲು ಓದಿ. ಆ ಪುಟ್ಟ ಪ್ಯಾಕೇಜ್ ಬರೆದವರಿಗೆ ಆದರೆ ಒಂದು ಥ್ಯಾಂಕ್ಸ್ ಕಳಿಸಿ. ಅವರ ಕೋಡ್ ಅಡಿಕೆ ಮಂಡಿಯಲ್ಲಿ ಚೀಟಿ ಬರೆಯುತ್ತಿದೆ ಅಂತ ಅವರಿಗೆ ಗೊತ್ತೇ ಇರಲಿಕ್ಕಿಲ್ಲ.

ದಾವಣಗೆರೆ ಹುಡುಗ

ಕೋಡುಗಲ್ಲು ಅವರು ಹೇಳಿದ್ದು ಒಪ್ಪಿದೆ, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ತಪ್ಪು. ಎರಡು ಮಾತು ಸೇರಿಸುತ್ತೇನೆ.

ರಿಕ್ವೆಸ್ಟ್ ತೆಗೆದ ಮೇಲೆ ಎನ್‌ಪಿಎಂ ಎಲ್‌ಎಸ್ ರಿಕ್ವೆಸ್ಟ್ ಅಂತ ಹೊಡೆದು ನೋಡಿ. ನೀವು ತೆಗೆದರೂ ಬೇರೆ ಯಾವುದೋ ಹಳೇ ಪ್ಯಾಕೇಜ್ ಅದನ್ನು ಒಳಗಿಂದ ಎಳೆದುಕೊಂಡು ಬಂದಿರುತ್ತದೆ. ನಮ್ಮಲ್ಲಿ ಹಾಗೇ ಆಗಿತ್ತು. ಮೇಲಿನ ಪಟ್ಟಿ ಚೊಕ್ಕ, ಕೆಳಗೆ ನಾಲ್ಕು ಕಡೆ ಕೂತಿತ್ತು.

ಇನ್ನೊಂದು, ಮೊಮೆಂಟ್ ಉಳಿಸಿಕೊಳ್ಳುವುದಾದರೆ ಸುಮ್ನೆ ಉಳಿಸಿಕೊಳ್ಳಬೇಡಿ, ಒಂದು ಪುಟ ಬರೆದಿಡಿ. ಯಾವ ಆವೃತ್ತಿ, ಎಲ್ಲಿ ಬಳಸುತ್ತೇವೆ, ಯಾಕೆ ಈಗ ಬದಲಿಸುತ್ತಿಲ್ಲ, ಯಾರು ಮೂರು ತಿಂಗಳಿಗೊಮ್ಮೆ ದೋಷ ಪಟ್ಟಿ ನೋಡುತ್ತಾರೆ, ದೋಷ ಬಂದು ತೇಪೆ ಬರದಿದ್ದರೆ ಎಷ್ಟು ದಿನದಲ್ಲಿ ತೆಗೆಯಬಲ್ಲಿರಿ. ಆಡಿಟ್‌ನವರಿಗೆ ಇದನ್ನು ಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನಮಗಂತೂ ಆಮೇಲೆ ಹಾಗೇ ಒಪ್ಪಿದರು.

ತುಂಗಾತೀರ

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ.

ನೋಡ್ 22ಕ್ಕೆ ಹೋದೆವು. ಅಂದುಕೊಂಡಷ್ಟು ಕಷ್ಟ ಆಗಲಿಲ್ಲ, ಪ್ರಿಂಟರ್ ಜೊತೆ ಮಾತಾಡುವ ಒಂದು ಪ್ಯಾಕೇಜ್ ಮಾತ್ರ ಹೊಸದಾಗಿ ಕಟ್ಟಿಸಬೇಕಾಯ್ತು. ರಿಕ್ವೆಸ್ಟ್ ಹೋಯ್ತು, ಫೆಚ್ ಬಂತು. ದಾವಣಗೆರೆಯವರು ಹೇಳಿದ ಹಾಗೆ ಒಳಗೆ ಇನ್ನೂ ಎರಡು ಕಡೆ ಇತ್ತು, ಅದೂ ಹೋಯ್ತು. ಪುಟ್ಟ ಪ್ಯಾಕೇಜಿನ ಕೋಡ್ 160 ಸಾಲು, ಎಂಐಟಿ ಲೈಸೆನ್ಸ್, ಒಳಗೆ ತಂದುಕೊಂಡೆವು. ಪರೀಕ್ಷೆ ಬರೆಯುವಾಗ ಪೈಸೆ ಇದ್ದರೆ ಒಂದು ಕಡೆ ತಪ್ಪು ಬರುವುದು ಸಿಕ್ಕಿತು, ತಿದ್ದಿದೆವು. ಬರೆದವರಿಗೆ ಮೇಲ್ ಹಾಕಿದೆ. ಎರಡೇ ದಿನದಲ್ಲಿ ಉತ್ತರ ಬಂತು. ಅವರ ಊರಿನ ಕಡೆಯೂ ತೋಟ ಇದೆಯಂತೆ, ತುಂಬಾ ಸಂತೋಷಪಟ್ಟರು.

ಮೊಮೆಂಟ್ ವಿಷಯದಲ್ಲಿ ಒಂದು ಸಂಜೆ ಕೂತು ಲಕ್ಸಾನ್ ಅನ್ನೋ ಇನ್ನೊಂದು ದಿನಾಂಕದ ಪ್ಯಾಕೇಜ್ ಹಾಕಿ ನೋಡಿದೆ, ಅದನ್ನು ಶುರು ಮಾಡಿದ್ದು ಮೊಮೆಂಟ್ ತಂಡದವರೇ ಒಬ್ಬರು ಅಂತ ಓದಿ ಧೈರ್ಯ ಬಂದಿತ್ತು. ಕೋಡ್ ಚೆನ್ನಾಗಿದೆ, ಏಳು ದಿನ ಕೂಡಿಸಿದರೆ ಹೊಸ ತಾರೀಕೇ ಬರುತ್ತದೆ. ಆದರೆ ಚೀಟಿ ಮುದ್ರಿಸಿದರೆ ಅಂಕಿಗಳೆಲ್ಲ ಇಂಗ್ಲಿಷಿನವು. ಭಾಷೆ ಕನ್ನಡ ಅಂತ ಕೊಟ್ಟರೆ ಸಾಲದು, ನಂಬರಿಂಗ್ ಸಿಸ್ಟಂ ಅನ್ನೋ ಆಯ್ಕೆಯಲ್ಲಿ ಕೆಎನ್‌ಡಿಎ ಅಂತ ಬೇರೆ ಕೊಡಬೇಕು ಅಂತ ಆಮೇಲೆ ಗೊತ್ತಾಯ್ತು. ಅದು ಸರಿಹೋಯ್ತು ಅನ್ನುವಾಗ ಸಮಯದ ಮುಂದೆ ‘ಪೂರ್ವಾಹ್ನ’ ಅಂತ ಬಂತು. ಮೊಮೆಂಟ್‌ನ ಕನ್ನಡ ಫೈಲ್ ಮಾಡಿದವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನಾವು ಮಾತಾಡುವ ಹಾಗೆ ಗಂಟೆ ನೋಡಿ ಪದ ಹಾಕಿದ್ದಾರೆ. ಮಂಡಿಯಲ್ಲಿ ಗುಮಾಸ್ತರಿಗೆ ಎರಡೂ ಚೀಟಿ ತೋರಿಸಿದೆ. ಪೂರ್ವಾಹ್ನ ಅಂದರೆ ಪಂಚಾಂಗದ ಥರ ಕಾಣುತ್ತಮ್ಮ, ಹಳೇದೇ ಇರಲಿ ಅಂದರು.

ಹಾಗಾಗಿ ಈ ಸೀಸನ್‌ಗೆ ಮೊಮೆಂಟ್ 2.30.1 ಇಟ್ಟುಕೊಂಡು, ಒಂದು ಪುಟ ಬರೆದು ಆಡಿಟ್‌ನವರಿಗೆ ಕಳಿಸಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಕೋಡುಗಲ್ಲು

ಸೀಸನ್ ಮುಗಿದ ಮೇಲೆ ಮತ್ತೆ ಕೂತಾಗ ಜಾವಾಸ್ಕ್ರಿಪ್ಟ್‌ನಲ್ಲೇ ಬರುವ ಇಂಟಲ್ ಒಳಗಿರುವ ಡೇಪೀರಿಯಡ್ ಆಯ್ಕೆಯನ್ನು ಪ್ರಯತ್ನಿಸಿ, ಅದರಲ್ಲಿ ದಿನದ ಹೊತ್ತನ್ನು ಹೇಳುವ ಪದ ಬರುತ್ತದೆ. ಸಾಲದಿದ್ದರೆ ಗಂಟೆ ನೋಡಿ ಪದ ಕೊಡುವ ಐದು ಸಾಲಿನ ಫಂಕ್ಷನ್ ನೀವೇ ಬರೆಯಬಹುದು. ಎಷ್ಟು ಗಂಟೆವರೆಗೆ ಬೆಳಿಗ್ಗೆ, ಎಷ್ಟರಿಂದ ಮಧ್ಯಾಹ್ನ ಅಂತ ಆ ಗುಮಾಸ್ತರನ್ನೇ ಕೇಳಿ ಬರೆಯಿರಿ.

ತುಂಗಾತೀರ

ಕೇಳಿದೆ ಸರ್. ಹತ್ತೂವರೆವರೆಗೆ ಬೆಳಿಗ್ಗೆ ಅಂತೆ. ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹೊಸ ಸರ್ವರ್‌ನಿಂದ ಇವತ್ತು ಬಂದ ಮೊದಲ ಚೀಟಿ ಹೀಗಿದೆ: ರಾಶಿ, ಮೂಟೆ ೪, ಬೆಳಿಗ್ಗೆ ೯:೪೨.